ಉತಾರ ಯಾರ ಹೆಸರಿಗೈತಿ?

2025ರ ದೀಪಾವಳಿ ಮುಗಿದು ಶಾಲೆ ಮತ್ತೆ ಆರಂಭವಾದ ವಾರ. ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ನೋಟಬುಕ್ಕು ತಿದ್ದುತ್ತಿದ್ದೆ. ಓಣಿಯ ಆ ತುದಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ಹುಡುಗಿ ಎಂದು ಬರೆಯಲು ಹೊರಟಿದ್ದೆ. ಅವಳ ಮಗಳೇ ಈಗ ನನ್ನ ತರಗತಿಯಲ್ಲಿದ್ದಾಳೆ.

“ಅಕ್ಕೋರ, ಇದನ್ನ ಒಂದೀಟ ತುಂಬಿ ಕೊಡ್ರಿ. ಮನ್ಯಾಗ ರೊಟ್ಟಿ ದಂದೆ ಸುರು ಮಾಡಬೇಕಂತೇನಿ” ಎಂದಳು.

ನಮ್ಮ ಅಕ್ಕಿಆಲೂರಿನ ಹೆಸರಿನಲ್ಲಿಯೇ ಅಕ್ಕಿ ಇದೆ. ಹಾನಗಲ್ಲ ತಾಲೂಕೆಂದರೆ ಭತ್ತದ ಸೀಮೆ. ಆದರೂ ಮದುವೆ, ಜಾತ್ರೆ ಬಂತೆಂದರೆ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಬೇಕು. ಈಗಿನ ಮನೆಗಳಲ್ಲಿ ಅಷ್ಟು ರೊಟ್ಟಿ ಬಡಿಯುವ ಕೈಗಳೂ ಇಲ್ಲ, ಒಲೆಯ ಮುಂದೆ ಕೂಡುವ ಪುರುಸೊತ್ತೂ ಇಲ್ಲ. ಹೀಗಾಗಿ ರೊಟ್ಟಿ ಬಡಿಯುವವರಿಗೆ ಬೇಡಿಕೆ ಬಂದಿದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಚೀಲದಲ್ಲಿ ಆಧಾರ ಕಾರ್ಡಿನ ನಕಲು, ಎರಡು ಫೋಟೋ, ಒಂದೆರಡು ಅರ್ಜಿ. ಏನೇನು ಬೇಕೆಂದು ಪಂಚಾಯತಿಯಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಚೀಟಿಯ ಕೊನೆಯ ಸಾಲು: ಮನೆಯ ಉತಾರ, ಮನೆ ಬೇರೆಯವರದಾದರೆ ಅವರ ಒಪ್ಪಿಗೆ ಪತ್ರ.

“ಉತಾರ ಯಾರ ಹೆಸರಿಗೈತಿ?” ಎಂದು ಕೇಳಿದೆ.

ಕೇಳಿದ ಮೇಲೆ ಕೈಯಲ್ಲಿದ್ದ ಕೆಂಪು ಪೆನ್ನು ಹಾಗೆಯೇ ನಿಂತಿತು. ಇದೇ ಮಾತನ್ನು ಸುಮಾರು ಮೂವತ್ತೇಳು ವರ್ಷಗಳ ಹಿಂದೆ ಒಬ್ಬ ಕಾರಕೂನರು ನಮ್ಮ ಅವ್ವನಿಗೆ ಕೇಳಿದ್ದರು. ಆಗಲೂ ಅರ್ಜಿ ಬರೆಯಲು ಕುಳಿತವಳು ನಾನೇ.

ನನ್ನ ತವರು ಹಿರೇಕೆರೂರ ಕಡೆಯ ಒಂದು ಹಳ್ಳಿ. ಊರ ಹೆಸರು ಇಲ್ಲಿ ಬೇಡ. ಇಂಥ ಕತೆ ಯಾವ ಊರಿನಲ್ಲಿಯಾದರೂ ನಡೆದಿರಬಹುದು. ಅಪ್ಪ 1981ರಲ್ಲಿ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಮನೆಯ ಅರ್ಧದಲ್ಲಿ ದೊಡ್ಡಪ್ಪನ ಸಂಸಾರ, ಇನ್ನರ್ಧದಲ್ಲಿ ಅವ್ವ ಮತ್ತು ನಾನು. ಅವ್ವ ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆದುಕೊಡುತ್ತಿದ್ದಳು. ಉದ್ದನ್ನ ಶ್ಯಾವಿಗೆ ಮಣೆಯ ಒಂದು ತುದಿಗೆ ಕುಳಿತು, ಹದವಾಗಿ ನಾದಿದ ಕಣಕವನ್ನು ಅಂಗೈಯಿಂದ ಒತ್ತುತ್ತ ಕೆಳಗೆ ಇಳಿಸಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಅದನ್ನು ಕೋಲಿನ ಮೇಲೆ ಹಾಕಿ ಒಣಗಿಸುವುದು ನನ್ನ ಕೆಲಸ. ಹಿಟ್ಟು ಅವರದು, ಕೂಲಿ ನಮ್ಮದು. ಉಳಿದ ತಿಂಗಳುಗಳಲ್ಲಿ ಹಪ್ಪಳ, ಸಂಡಿಗೆ, ಕೌದಿ ಹೊಲಿಯುವುದು.

ಇಷ್ಟು ವರ್ಷ ಇದಕ್ಕೆಲ್ಲ ಯಾರ ಪರವಾನಗಿಯೂ ಬೇಕಾಗಿರಲಿಲ್ಲ. ಬೇಕಾಗಿರಲಿಲ್ಲ ಎನ್ನುವುದಕ್ಕಿಂತ, ಇದೊಂದು ಉದ್ಯೋಗವೆಂದು ಯಾರಿಗೂ ಅನ್ನಿಸಿರಲಿಲ್ಲ. “ಪಾಪ, ಮನ್ಯಾಗ ಏನೋ ಮಾಡಕೊಂಡು ಹೊಂಟಾಳ” ಎನ್ನುತ್ತಿದ್ದರು, ಅಷ್ಟೆ.

1988ರಲ್ಲಿ ಅವ್ವ ತನ್ನ ಬೋರಮಾಳ ಮಾರಿ ಹುಬ್ಬಳ್ಳಿಯಿಂದ ಮೋಟರಿನ ಶ್ಯಾವಿಗೆ ಯಂತ್ರ ತಂದಳು. ಕೈ ಮಣೆಯಿದ್ದಾಗ ಸುಮ್ಮನಿದ್ದ ಓಣಿ ಮೋಟರು ಸುರುವಾದ ಕೂಡಲೇ ಕಿವಿ ನಿಮಿರಿಸಿತು. ಪಕ್ಕದ ಮನೆಯವರು ಸದ್ದಿನಿಂದ ಮಗು ಮಲಗುವುದಿಲ್ಲವೆಂದು ದೂರು ಕೊಟ್ಟರು. ಮೋಟರಿಗೆ ಮನೆಯ ಮೀಟರು ನಡೆಯುವುದಿಲ್ಲ, ಬೇರೆ ಮೀಟರು ಬೇಕು, ಅದಕ್ಕೆ ಪಂಚಾಯತಿಯ ಪರವಾನಗಿ ಬೇಕು ಎಂಬುದು ತಿಳಿಯಿತು. ಅವ್ವ ನನ್ನನ್ನು ಕರೆದುಕೊಂಡು ಮಂಡಳ ಪಂಚಾಯತಿಗೆ ಹೋದಳು. ಕಾರಕೂನರು ಸಿಡುಕಿನವರಲ್ಲ. ಕೂಡ್ರಿಸಿ, ನೀರು ಕೊಟ್ಟು, ಆಮೇಲೆ ಕೇಳಿದರು: “ಉತಾರ ಯಾರ ಹೆಸರಿಗೈತ್ರೀ?”

ಉತಾರ ದೊಡ್ಡಪ್ಪನ ಹೆಸರಿಗಿತ್ತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಉತಾರವೆಂದರೆ ಏನೆಂದು ಹೇಳಬೇಕಾಗಿಲ್ಲ. ಮನೆಯ ಕಂದಾಯದ ಪುಸ್ತಕದಿಂದ ತೆಗೆದುಕೊಟ್ಟ ಒಂದು ಹಾಳೆ. 2012-13ರ ಸುಮಾರಿಗೆ ಇ-ಸ್ವತ್ತು ಬಂದ ಮೇಲೆ ಅದೇ ನಮೂನೆ 9, ನಮೂನೆ 11 ಎಂದು ಗಣಕಯಂತ್ರದಿಂದ ಬರತೊಡಗಿತು. ಆ ಹಾಳೆಯಲ್ಲಿ ಯಾರ ಹೆಸರಿದೆಯೋ ಅವರೇ ಮನೆಯವರು ಎಂದು ಊರು ತಿಳಿಯುತ್ತದೆ. ನಿಜ ಹೇಳಬೇಕೆಂದರೆ ಅದು ಕಂದಾಯ ಯಾರಿಂದ ವಸೂಲು ಮಾಡಬೇಕೆಂಬ ಗುರುತು. ಮನೆಯ ಮೇಲೆ ಯಾರ ಹಕ್ಕು ಎಷ್ಟೆಂಬುದಕ್ಕೆ ಅದೇ ಕೊನೆಯ ಮಾತಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪನ ಪಾಲಿನಲ್ಲಿ ಅವ್ವನಿಗೂ ನನಗೂ ಹಕ್ಕಿತ್ತು. ಅದನ್ನು ನಾನು ತಿಳಿದದ್ದು ಬಹಳ ತಡವಾಗಿ.

ದೊಡ್ಡಪ್ಪ ಕೆಟ್ಟವರಲ್ಲ. ನನ್ನ ಕಾಲೇಜಿನ ಫೀಜಿಗೆ ಎಷ್ಟೋ ಸಲ ಕೈ ಹಿಡಿದವರು. ಒಪ್ಪಿಗೆ ಪತ್ರ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ನಿನ್ನ ಹೆಸರಿಗೆ ಯಾಕವಾ? ಮನಿಗೆ ಹಿರೇರು ಇಲ್ಲೇನ ಅಂತಾರ ಮಂದಿ. ನನ್ನ ಹೆಸರಿಗೇ ಇರಲಿ, ದುಡಿಯಾಕಿ ನೀನ ಅಲ್ಲೇನು?” ಅವ್ವ ತಲೆಯಾಡಿಸಿದಳು. ಪಿಯುಸಿ ಓದುತ್ತಿದ್ದ ನಾನು, ಅಕ್ಷರ ಚೆಂದವೆಂದು ಬೀಗುತ್ತ, ಅರ್ಜಿ ಬರೆದೆ. ಉದ್ಯೋಗ ನಡೆಸುವವರ ಹೆಸರು ಎಂಬಲ್ಲಿ ದೊಡ್ಡಪ್ಪನ ಹೆಸರು. ಮನೆಯ ಮಾಲಕರ ಹೆಸರು ಎಂಬಲ್ಲಿಯೂ ಅವರದೇ. ಅವ್ವನ ಹೆಸರು ಇಡೀ ಹಾಳೆಯಲ್ಲಿ ಎಲ್ಲಿಯೂ ಬರಲಿಲ್ಲ. ಬರೆದು ಮುಗಿಸಿದಾಗ ಕಾರಕೂನರು “ಅಕ್ಷರ ಮುತ್ತಿನಂಗದಾವು” ಎಂದರು. ನನಗೆ ಹಿಗ್ಗೋ ಹಿಗ್ಗು.

ಆ ಹಾಳೆ ಮಾಡಿದ್ದನ್ನು ಹೇಳುವ ಮೊದಲು, ಇತಿಹಾಸ ಕಲಿಸುವವಳಾಗಿ ಒಂದಿಷ್ಟು ಹಿಂದೆ ಹೋಗಬೇಕೆನಿಸುತ್ತದೆ. ಮನೆಯಲ್ಲಿ ದುಡಿಯುವವರನ್ನು ಆಳುವವರು ಹೇಗೆ ನೋಡಿದರು ಎಂಬುದು ಅವ್ವನಿಂದ ಸುರುವಾದ ಕತೆಯಲ್ಲ.

ಕನ್ನಡನಾಡಿನ ಹಳೆಯ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಬರುತ್ತವೆ. ಮಗ್ಗಕ್ಕೆ ಇಷ್ಟು, ಗಾಣಕ್ಕೆ ಇಷ್ಟು ಎಂದು ತೆರಿಗೆ. ಮಗ್ಗವೆಲ್ಲಿತ್ತು? ಮನೆಯ ಪಡಸಾಲೆಯಲ್ಲಿ. ಅರಸರು ಎಣಿಸಿದ್ದು ಮಗ್ಗವನ್ನು. ಆ ಮಗ್ಗಕ್ಕೆ ಹಗಲಿರುಳು ನೂಲು ಸುತ್ತಿಕೊಟ್ಟ ಮನೆಯ ಹೆಂಗಸರನ್ನು ಎಣಿಸುವ ಪ್ರಶ್ನೆ ಬರಲಿಲ್ಲ.

ಇದಕ್ಕೆ ಬೇರೆಯಾಗಿ ನಿಲ್ಲುವುದು ಹನ್ನೆರಡನೆಯ ಶತಮಾನದ ಶರಣೆಯರು. ಕೊಟ್ಟಣದ ಸೋಮಮ್ಮ ಎಂದರೆ ಭತ್ತ ಕುಟ್ಟುವ ಸೋಮಮ್ಮ. ಕದಿರ ರೆಮ್ಮವ್ವೆ ಎಂದರೆ ನೂಲುವ ರೆಮ್ಮವ್ವೆ. ಆಯ್ದಕ್ಕಿ ಲಕ್ಕಮ್ಮ ಎಂದರೆ ಅಕ್ಕಿ ಆಯ್ದು ತರುವ ಕಾಯಕದ ಮನೆಯವಳು. ಗಂಡ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿರುಗಿ ಸುರಿದು ಬಾ ಎಂದವಳು. ತರಗತಿಯಲ್ಲಿ ಈ ಹೆಸರುಗಳನ್ನು ಹೇಳುವಾಗ ನನಗೆ ಯಾವಾಗಲೂ ಅನ್ನಿಸುತ್ತದೆ: ಇವರ ಕೆಲಸ ಇವರ ಹೆಸರಿಗೇ ಅಂಟಿಕೊಂಡಿದೆ. ಇಂಥವರ ಹೆಂಡತಿ, ಇಂಥವರ ಸೊಸೆ ಎಂದಲ್ಲ. ಯಾವ ಉತಾರವೂ ಇಲ್ಲದೆ ಎಂಟುನೂರು ವರ್ಷ ಆ ಹೆಸರುಗಳು ಉಳಿದಿವೆ.

ಮುಂದೆ ಬಂದದ್ದು ಮೋತರ್ಫಾ. ನೇಕಾರ, ಬಡಿಗ, ಕಮ್ಮಾರ, ಎಣ್ಣೆಗಾಣದವರು, ಸಣ್ಣ ವ್ಯಾಪಾರಿಗಳು ಎಲ್ಲರ ಮೇಲಿನ ಕಸುಬಿನ ತೆರಿಗೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿಯೂ ಅದು ನಡೆದು ಬಂತು. ನಮ್ಮ ಧಾರವಾಡ ಸೀಮೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1844ರಲ್ಲಿ ಅದನ್ನು ತೆಗೆದುಹಾಕಿದರು. ಬಳ್ಳಾರಿ, ದಕ್ಷಿಣ ಕನ್ನಡಗಳು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಇನ್ನೂ ಹಲವು ವರ್ಷ ಉಳಿಯಿತು. ಅಲ್ಲಿ ಕಸುಬಿನವರ ಸಣ್ಣಪುಟ್ಟ ಉಪಕರಣಗಳಿಗೂ, ಬೀದಿಬದಿ ಕುಳಿತು ಮಾರುವವರಿಗೂ ತೆರಿಗೆ ಬೀಳುತ್ತದೆಂದು 1852ರಲ್ಲಿ ಇಂಗ್ಲೆಂಡಿನ ಸಂಸತ್ತಿನವರೆಗೂ ದೂರು ಹೋಯಿತು. ಸರಕಾರಕ್ಕೆ ಬಡವರ ಮನೆಯೊಳಗಿನ ಕಸುಬು ಕಾಣುತ್ತಿರಲಿಲ್ಲ ಎನ್ನುವಂತಿಲ್ಲ. ತೆರಿಗೆಗೆ ಕಾಣುತ್ತಿತ್ತು.

ಮನೆಯ ಕಸುಬಿಗೆ ಸರಕಾರದ ಕೈ ಎಷ್ಟು ಬಲವಾಗಿ ಬೀಳಬಹುದೆಂಬುದನ್ನು ನಮ್ಮ ಹಿರಿಯರು 1963ರಲ್ಲಿ ಕಂಡರು. ಆ ವರ್ಷದ ಜನವರಿಯಲ್ಲಿ ಬಂಗಾರ ನಿಯಂತ್ರಣದ ಆಜ್ಞೆ ಬಂತು. 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಆಭರಣ ಮಾಡುವಂತಿಲ್ಲ ಎಂದಾಯಿತು. ಮನೆಯ ಪಡಸಾಲೆಯಲ್ಲಿಯೇ ಅಗ್ಗಿಷ್ಟಿಗೆ ಇಟ್ಟುಕೊಂಡಿದ್ದ ಪತ್ತಾರರ ಕೈ ಕಟ್ಟಿದಂತಾಯಿತು. ಕೆಲವು ವರ್ಷಗಳ ಮೇಲೆ ನಿಯಮ ಸಡಿಲಾಯಿತು, 1968ರಲ್ಲಿ ಬೇರೆ ಕಾಯ್ದೆ ಬಂತು, 1990ರಲ್ಲಿ ಅದೂ ರದ್ದಾಯಿತು. ಪತ್ತಾರರ ಆ ದಿನಗಳನ್ನು ಅವ್ವ ನೆನೆದು ಮರುಗುತ್ತಿದ್ದಳು. ಆದರೆ ನಾನು ಈಗ ಬೇರೊಂದು ಮಾತು ಸೇರಿಸುತ್ತೇನೆ: ಪತ್ತಾರರ ಕಸುಬು ಹೋದಾಗ ದೇಶವೆಲ್ಲ ಮಾತಾಡಿತು. ಅವರದು ಕಸುಬು ಎಂದು ಎಲ್ಲರಿಗೂ ಗೊತ್ತಿತ್ತು. ಶ್ಯಾವಿಗೆ ಹೊಸೆಯುವವಳ ಕೆಲಸ ನಿಂತಿದ್ದರೆ ಯಾರ ಬಾಯಲ್ಲಿ ಬರುತ್ತಿತ್ತು?

ಇನ್ನು ಪಂಚಾಯತಿಯ ನಿಯಮಗಳು. ಮುಂಬಯಿ ಸರಕಾರ 1920ರಲ್ಲಿ, ಆಮೇಲೆ 1933ರಲ್ಲಿ ಗ್ರಾಮ ಪಂಚಾಯತಿ ಕಾಯ್ದೆಗಳನ್ನು ಮಾಡಿತು. ನೆರೆಯ ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಏಕೀಕರಣದ ನಂತರ ಮೈಸೂರು ರಾಜ್ಯದ 1959ರ ಕಾಯ್ದೆ, ಅದರ ಮೇಲೆ 1983ರ ಕಾಯ್ದೆ, ಅದರಂತೆ 1987ರಲ್ಲಿ ಚುನಾವಣೆಯಾಗಿ ಮಂಡಳ ಪಂಚಾಯತಿಗಳು, ಕೊನೆಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಹೆಸರು ಬದಲಾದರೂ ಇಂಥ ನಿಯಮಗಳ ಒಳಗಿನ ಕಾಳಜಿ ಹೆಚ್ಚು ಬದಲಾಗಿಲ್ಲ. ವಿದ್ಯುತ್ತಿನಿಂದ, ಉಗಿಯಿಂದ ನಡೆಯುವ ಯಂತ್ರ ಕೂಡ್ರಿಸಬೇಕಾದರೆ ಅನುಮತಿ ಬೇಕು. ನೆರೆಯವರಿಗೆ ನಾತ, ಹೊಗೆ, ಅಪಾಯ ತರುವ ಕೆಲಸಕ್ಕೆ ಪರವಾನಗಿ ಬೇಕು. ಇವು ಬೇಡವೆನ್ನಲು ನಾನು ಸಿದ್ಧಳಿಲ್ಲ. ಪಕ್ಕದ ಮನೆಯ ಕೂಸು ಮಲಗಬೇಕಾದದ್ದೂ ನ್ಯಾಯವೇ. ನಮ್ಮ ಯಂತ್ರದ ಕೆಳಗೆ ಗೋಣಿಚೀಲ ಮಡಿಸಿ ಹಾಕಿ, ಮಧ್ಯಾಹ್ನ ಎರಡು ತಾಸು ನಿಲ್ಲಿಸಿದ ಮೇಲೆ ಅವರೂ ತಮ್ಮ ಹಿಟ್ಟನ್ನು ನಮ್ಮಲ್ಲಿಗೇ ತಂದರು.

ತಿನ್ನುವ ಪದಾರ್ಥಕ್ಕೆ ಬೇರೆ ನಿಯಮ. 1954ರ ಕಲಬೆರಕೆ ತಡೆ ಕಾಯ್ದೆ, 1955ರ ಹಣ್ಣಿನ ಪದಾರ್ಥಗಳ ಆದೇಶ. ಎರಡನೆಯದು ಉಪ್ಪಿನಕಾಯಿಗೂ ಅನ್ವಯಿಸುತ್ತಿತ್ತು. ನೆಂಟರಿಷ್ಟರಿಗೆ, ಪರಿಚಯದವರಿಗೆ ಭರಣಿಗಟ್ಟಲೆ ಉಪ್ಪಿನಕಾಯಿ ಮಾರುತ್ತಿದ್ದ ನಮ್ಮ ಎಷ್ಟೋ ಅಜ್ಜಿಯರು ತಮಗೊಂದು ಆದೇಶವಿದೆ ಎಂಬುದನ್ನೇ ತಿಳಿಯದೆ ಕಣ್ಣು ಮುಚ್ಚಿದರು. ಈ ಎಲ್ಲವನ್ನೂ ಸೇರಿಸಿ 2006ರಲ್ಲಿ ಆಹಾರ ಸುರಕ್ಷತಾ ಕಾಯ್ದೆಯಾಯಿತು, 2011ರ ಆಗಸ್ಟ್ 5ರಿಂದ ಅದರ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿಲ್ಲದವರಿಗೆ ದೊಡ್ಡ ಲೈಸೆನ್ಸಿನ ತೊಡಕಿಲ್ಲ, ವರ್ಷಕ್ಕೆ 100 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿದರೆ ಸಾಕು ಎಂದಾಯಿತು. ನಮ್ಮ ರೊಟ್ಟಿಯವಳ ಚೀಲದಲ್ಲಿದ್ದ ಅರ್ಜಿಗಳಲ್ಲಿ ಒಂದು ಅದೇ.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇದು. ಈ ನಿಯಮಗಳು ಹೆಣ್ಣುಮಕ್ಕಳು ಮನೆಯಲ್ಲಿ ಉದ್ಯೋಗ ಮಾಡಬಾರದೆಂದು ಎಲ್ಲಿಯೂ ಹೇಳುವುದಿಲ್ಲ. ಮನೆಯ ಮಾಲಕರ ಒಪ್ಪಿಗೆ ಕೇಳುತ್ತವೆ. ಮಾಲಕರೇ ಉದ್ಯೋಗದ ಒಡೆಯರಾಗಬೇಕೆಂದು ಹೇಳುವುದಿಲ್ಲ. ಒಪ್ಪಿಗೆ ಬೇರೆ, ಒಡೆತನ ಬೇರೆ. ಈ ಎರಡರ ನಡುವಿನ ಸಂದಿಯಲ್ಲಿಯೇ ನಮ್ಮವ್ವನಂಥವರ ದುಡಿಮೆ ಜಾರಿಹೋಗಿದೆ. ನಿಯಮ ಅಲ್ಲ, ನಿಯಮದ ಹಾಳೆಯನ್ನು ತುಂಬುವ ನಮ್ಮ ರೂಢಿ ಅದನ್ನು ಜಾರಿಸಿದೆ.

ಜಾರಿದ್ದು ಹೇಗೆಂದು ಹೇಳುತ್ತೇನೆ. 1991ರಲ್ಲಿ ಅವ್ವ ಎರಡನೆಯ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಳು. ಪರವಾನಗಿ ತೋರಿಸಿ ಎಂದರು. ತೋರಿಸಿದಳು. “ಇವರನ್ನ ಕರಕೊಂಡು ಬರ್ರಿ” ಎಂದರು. ದೊಡ್ಡಪ್ಪನಿಗೆ ಸಾಲವೆಂದರೆ ಭಯ, ಬರಲಿಲ್ಲ. ಅಲ್ಲಿಗೆ ಅದು ಮುಗಿಯಿತು. 1993ರಲ್ಲಿ ನನ್ನ ಮದುವೆಯಾಯಿತು. ಖರ್ಚಿನ ಬಹುಪಾಲು ಆ ಯಂತ್ರವೇ ದುಡಿದದ್ದು. ನಾನು ಅಕ್ಕಿಆಲೂರಿಗೆ ಬಂದೆ, ಮರುವರ್ಷ ನೌಕರಿಯಾಯಿತು. 1995ರಲ್ಲಿ ದೊಡ್ಡಪ್ಪ ತೀರಿಕೊಂಡರು. ಮರುವರ್ಷ ಅವರ ಮಕ್ಕಳು ಪಾಲಿಗೆ ಕುಳಿತಾಗ, ಎತ್ತು, ಚಕ್ಕಡಿ, ತಿಜೋರಿಗಳ ಜೊತೆ ಶ್ಯಾವಿಗೆ ಯಂತ್ರವನ್ನೂ ಯಾದಿಯಲ್ಲಿ ಬರೆದರು. ಯಾಕೆಂದರೆ ಪರವಾನಗಿ ಅವರಪ್ಪನ ಹೆಸರಿಗಿತ್ತು. ಅವರು ಸುಳ್ಳು ಹೇಳಲಿಲ್ಲ. ಕಾಗದದಲ್ಲಿ ಹಾಗೆಯೇ ಇತ್ತು. ನನ್ನ ಮುತ್ತಿನಂಥ ಅಕ್ಷರದಲ್ಲಿ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದ ದಿನ ನಾನೂ ಹೋಗಿದ್ದೆ. ಅವ್ವ ಒಳಗಿನಿಂದ ಒಂದು ಡಬ್ಬಿ ತಂದಳು. ಅರಿಸಿನದ ಕೊಂಬಿನ ಕೆಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ಹಿರಿಯರ ಮುಂದಿಟ್ಟಳು. ಹುಬ್ಬಳ್ಳಿಯ ಅಂಗಡಿಯವರು 1988ರಲ್ಲಿ ಕೊಟ್ಟ ಪಾವತಿ. “ಇದರಾಗ ಯಾರ ಹೆಸರೈತಿ, ಓದ್ರಿ” ಎಂದಳು. ಓದಿದರು. ಅವ್ವನ ಹೆಸರಿತ್ತು. ಅಂಗಡಿಯವರಿಗೆ ಉತಾರ ಬೇಕಾಗಿರಲಿಲ್ಲ. ದುಡ್ಡು ಎಣಿಸಿದವಳ ಹೆಸರನ್ನು ಬರೆದಿದ್ದರು.

ಯಂತ್ರ ಅವ್ವನದೆಂದು ತೀರ್ಮಾನವಾಯಿತು. ಆದರೆ ಮನೆ ಅವರದು, ಎಂಟು ದಿನಗಳೊಳಗೆ ಯಂತ್ರ ಎತ್ತಬೇಕು ಎಂದೂ ತೀರ್ಮಾನವಾಯಿತು. ಮನೆಯಲ್ಲಿ ಅಪ್ಪನ ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಹಕ್ಕು, ಕರ್ತವ್ಯ ಎಂದು ಪಾಠ ಹೇಳುತ್ತಿದ್ದ ನಾನೂ ಎತ್ತಲಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ. ಓದುವ ನಿಮಗೂ ಈ ಅಂಜಿಕೆ ಗೊತ್ತಿರಬಹುದು.

ಅವ್ವ ಊರ ಅಂಚಿನಲ್ಲಿ ಒಂದು ತಗಡಿನ ಖೋಲಿ ಬಾಡಿಗೆಗೆ ಹಿಡಿದಳು. ಮತ್ತೆ ಪರವಾನಗಿ ಬೇಕಾಯಿತು. ಈ ಸಲ ಖೋಲಿಯ ಮಾಲಕರಿಗೂ ನಮಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಾಡಿಗೆ ಎಣಿಸಿಕೊಂಡು ಹೋದರು. ಹೆಸರು ಯಾರದೆಂದು ಕೇಳಲೂ ಇಲ್ಲ. 1993ರ ಕಾಯ್ದೆಯ ಮೀಸಲಾತಿಯಿಂದ ಆಗ ಪಂಚಾಯತಿಗೆ ಒಬ್ಬ ಹೆಣ್ಣುಮಗಳೇ ಅಧ್ಯಕ್ಷರು. 1997ರ ಕೊನೆಗೆ ಪರವಾನಗಿ ಕೈಗೆ ಬಂತು. ಆ ವರ್ಷದ ಆಗಸ್ಟಿನಲ್ಲಿ ಧಾರವಾಡ ಒಡೆದು ಹೊಸ ಜಿಲ್ಲೆಯಾಗಿತ್ತು. ಹಾಳೆಯ ಮೇಲೆ ಜಿಲ್ಲೆ: ಹಾವೇರಿ ಎಂದಿತ್ತು, ಅದರ ಕೆಳಗೆ ಅವ್ವನ ಹೆಸರು. ಎರಡೂ ಹೊಸವು.

ಅವ್ವನಿಗೆ ಸಹಿ ಬಿಟ್ಟರೆ ಓದು ಬರುತ್ತಿರಲಿಲ್ಲ. “ನನ್ನ ಹೆಸರು ಎಲ್ಲೈತಿ, ಬಟ್ಟ ಇಟ್ಟು ತೋರಸು” ಎಂದಳು. ತೋರಿಸಿದೆ. ಆ ಜಾಗದ ಮೇಲೆ ತನ್ನ ಬೆರಳು ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹಾಳೆಯನ್ನು ಮಡಿಸಿ ಅದೇ ಡಬ್ಬಿಯಲ್ಲಿ ಹಾಕಿದಳು.

ನಮ್ಮ ಮನೆಯ ಈ ಕತೆ ದೊಡ್ಡ ಜಗತ್ತಿನಲ್ಲಿಯೂ ನಡೆಯುತ್ತಿತ್ತೆಂದು ನಾನು ಆಮೇಲೆ ಓದಿದೆ. ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಮನೆಗೆಲಸ, ತಲೆಹೊರೆ, ಹೊಲಿಗೆ ಮುಂತಾದ ಕೆಲಸಗಳಲ್ಲಿದ್ದ ಹೆಂಗಸರ ಸಂಘ ಕಟ್ಟಿ 1972ರಲ್ಲಿ ಕಾರ್ಮಿಕ ಸಂಘವೆಂದು ನೋಂದಾಯಿಸಲು ಹೋದಾಗ, ಮಾಲಕರೇ ಇಲ್ಲದವರು ಕಾರ್ಮಿಕರು ಹೇಗಾಗುತ್ತಾರೆ ಎಂಬ ತಕರಾರು ಬಂತು. ಅವರು ಬಿಡಲಿಲ್ಲ. ‘ಸೇವಾ’ ಎಂಬ ಆ ಸಂಘದಂಥವರ ಒತ್ತಾಯದಿಂದಲೇ 1996ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲಿದ್ದುಕೊಂಡೇ ಇನ್ನೊಬ್ಬರಿಗಾಗಿ ದುಡಿಯುವವರೂ ಕಾರ್ಮಿಕರೇ ಎಂಬ ಒಡಂಬಡಿಕೆ ಮಾಡಿತು. ನಮ್ಮ ಅವ್ವನ ಯಂತ್ರ ಪಾಲಿನ ಯಾದಿಯಲ್ಲಿ ಸೇರಿದ್ದು ಅದೇ ವರ್ಷ. ಅದಕ್ಕೂ ಬಹಳ ಮೊದಲು, 1959ರಲ್ಲಿ, ಮುಂಬಯಿಯ ಗಿರಗಾವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತಿದ್ದರು. ಲಿಜ್ಜತ್ ಹಪ್ಪಳ ಬೆಳೆದದ್ದು ಅಲ್ಲಿಂದ. ಅಲ್ಲಿ ಹಿಟ್ಟು ಒಯ್ದು ಮನೆಯಲ್ಲಿ ಲಟ್ಟಿಸಿ ತರುವ ಪ್ರತಿಯೊಬ್ಬಳೂ ಸಂಸ್ಥೆಯ ಒಡತಿ ಎಂಬುದು ಮೊದಲಿನಿಂದಲೂ ನಿಯಮ. ನಿಯಮ ಹೀಗೂ ಇರಬಹುದು.

ನಿಯಮದ ಮಾತಿಗೆ ಬಂದರೆ ನನ್ನದೂ ಒಂದಿದೆ. ಸರಕಾರಿ ನೌಕರಳಾದ ನಾನು ಅನುಮತಿಯಿಲ್ಲದೆ ಮನೆಯಲ್ಲಿ ವ್ಯಾಪಾರ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮನೆಪಾಠವನ್ನೂ ಹೇಳುವಂತಿಲ್ಲ. ಬೇರೆಯವರ ಅರ್ಜಿ ತುಂಬುವುದಕ್ಕೆ ಮಾತ್ರ ಅಡ್ಡಿಯಿಲ್ಲ! ಆದರೆ ಸರಕಾರ ನನ್ನಂಥವರಿಗೆ ಇನ್ನೊಂದು ಕೆಲಸ ಕೊಟ್ಟಿದೆ: ಮನೆ ಮನೆಗೆ ಹೋಗಿ ಎಣಿಸುವುದು. 2011ರ ಫೆಬ್ರವರಿಯ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದ ಓಣಿಗಳಲ್ಲಿ ಹೆಣ್ಣುಮಕ್ಕಳಿಗೆ ಏನು ಕೆಲಸವೆಂದು ಕೇಳುತ್ತಿದ್ದೆ. ಒಬ್ಬಾಕೆ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳಿದಳು: “ಏನಿಲ್ಲರೀ ಅಕ್ಕೋರ, ಮನ್ಯಾಗ ಇರತೇನಿ.” ಗೋಡೆಗೆ ಹತ್ತು ಮಂದಿಯ ಜಂಪರು ತೂಗುಬಿದ್ದಿದ್ದವು. ಗಣತಿಯಲ್ಲಿ ಮನೆ ಕೈಗಾರಿಕೆ ಎಂಬುದಕ್ಕೆ ಬೇರೆ ಗುರುತೇ ಇದೆ, 1961ರಿಂದಲೂ ಇದೆ. ಆದರೆ ಗಂಡಸರು ಉತ್ತರ ಕೊಟ್ಟ ಮನೆಗಳಲ್ಲಿ ಆ ಗುರುತು ಬೀಳುವುದೇ ಅಪರೂಪ. ನಾನು ಎರಡನೆಯ ಸಲ ಕೇಳುತ್ತಿದ್ದೆ: “ಈ ಜಂಪರಿಗೆ ರೊಕ್ಕ ಯಾರು ಎಣಿಸಿಕೊಳ್ಳತಾರ?” ಆಗ ನಗುತ್ತಿದ್ದಳು. ಆಮೇಲೆ ಬರೆದುಕೊಳ್ಳುತ್ತಿದ್ದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೊಬೈಲು ಹಿಡಿದು ಹೋದಾಗಲೂ ಮೊದಲ ಉತ್ತರ ಅದೇ.

ಈಗ ನಮ್ಮ ಕಟ್ಟೆಗೆ ಮರಳುತ್ತೇನೆ.

“ಉತಾರ ನಮ್ಮತ್ತಿ ಹೆಸರಿಗೈತ್ರೀ” ಎಂದಳು. ಸರಕಾರದ ವಸತಿ ಯೋಜನೆಯಲ್ಲಿ ಬಂದ ಮನೆ; ಮನೆಯ ಹೆಣ್ಣುಮಗಳ ಹೆಸರಿಗೇ ಕೊಟ್ಟಿದ್ದಾರೆ. ಕೇಳಿ ನನಗೆ ಸಮಾಧಾನವಾಯಿತು. ಉತಾರದಲ್ಲಿ ಹೆಣ್ಣಿನ ಹೆಸರು ಬರುವಷ್ಟು ಕಾಲ ಮುಂದೆ ಬಂದಿದೆ. ಆದರೂ ಅವಳು ಮುಂದೆ ಹೇಳಿದ್ದು: “ಅತ್ತಿ ಹೆಸರಿಲೇನ ತಗಸೋಣಂತಾರ ನಮ್ಮ ಯಜಮಾನ್ರು. ಹೆಂಗೂ ಮನಿ ಅವರದು.”

“ಮನಿ ಅವರದು. ರೊಟ್ಟಿ ಯಾರದು?” ಎಂದೆ.

ಮರುದಿನ ಅತ್ತೆಯನ್ನೂ ಕರೆದುಕೊಂಡು ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಬೆನ್ನು ಬಾಗಿಲ್ಲ. ನಾನು ಅವರಿಗೆ ಒಪ್ಪಿಗೆ ಬೇರೆ, ಒಡೆತನ ಬೇರೆ ಎಂಬುದನ್ನು ತಿಳಿಸಿ ಹೇಳಿದೆ. ಕೇಳಿಸಿಕೊಂಡು ಅವರು ಒಂದು ಪ್ರಶ್ನೆ ಹಾಕಿದರು: “ಅಲ್ರೀ ಅಕ್ಕೋರ, ಅರ್ಧಾ ರೊಟ್ಟಿ ನಾನ ಬಡಿಯಾಕಿ. ನನ್ನ ಹೆಸರು ಬರೇ ಒಪ್ಪಿಗಿಗೆ ಅಷ್ಟೇನ?” ನನಗೆ ಉತ್ತರ ತೋಚಲಿಲ್ಲ. ಸೊಸೆಯ ಹೆಸರು ಉಳಿಸಲು ಹೊರಟು ಅತ್ತೆಯ ದುಡಿಮೆಯನ್ನು ಮರೆಯುತ್ತಿದ್ದೆ! ಕೊನೆಗೆ ಮೂವರೂ ಕೂಡಿ ವಿಚಾರಿಸಿ, ಪರವಾನಗಿ ಸೊಸೆಯ ಹೆಸರಿಗೆ, ಒಪ್ಪಿಗೆ ಅತ್ತೆಯದು, ಅದರ ಜೊತೆಗೆ ಇಬ್ಬರೂ ಸಮ ಪಾಲುದಾರರೆಂದು ಬೇರೆ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕುವುದೆಂದು ಆಯಿತು. ಅದನ್ನು ವಕೀಲರಿಗೆ ತೋರಿಸಿ ಸರಿಮಾಡಿಸಿಕೊಳ್ಳಿರಿ ಎಂದೆ. ತವೆ, ಗ್ಯಾಸು, ಹಿಟ್ಟು ಏನೇ ತಂದರೂ ಪಾವತಿಯನ್ನು ನಿಮ್ಮ ಹೆಸರಿಗೇ ಬರೆಸಿ, ಒಂದು ಡಬ್ಬಿಯಲ್ಲಿ ಹಾಕಿ ಇಡಿರಿ ಎಂದೂ ಹೇಳಿದೆ.

ಹೊರಡುವಾಗ ಅತ್ತೆಗೆ ಇನ್ನೊಂದು ಅಂಜಿಕೆ. 2025ರ ಜುಲೈಯಲ್ಲಿ ಯುಪಿಐ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿದ್ದರಲ್ಲ. ನಮ್ಮ ಹಾವೇರಿಯಲ್ಲಿಯೂ ಬಂದಿತ್ತೆಂದು ಪತ್ರಿಕೆಯಲ್ಲಿ ಓದಿದ್ದೆವು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು, ರೊಕ್ಕ ಕೈಗೇ ಕೊಡಿರಿ ಎಂದು ಬೋರ್ಡು ಬಿದ್ದಿತ್ತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ಆ ನೋಂದಣಿಯ ಮಾತು ಬರುತ್ತದೆ, ರೊಟ್ಟಿ ಚಪಾತಿಯ ಮೇಲಿನ ಜಿಎಸ್‌ಟಿಯನ್ನು ಸೆಪ್ಟೆಂಬರ್ 22ರಿಂದ ತೆಗೆದೇ ಹಾಕಿದ್ದಾರೆ ಎಂದು ಹೇಳಿದೆ. “ನಲವತ್ತು ಲಕ್ಷದ ರೊಟ್ಟಿ ಬಡದ್ರ ಕೈ ಉಳಿಯಂಗಿಲ್ಲ ಬಿಡ್ರಿ” ಎಂದು ನಕ್ಕರು.

ಅವರು ಮೆಟ್ಟಿಲು ಇಳಿಯುತ್ತಿದ್ದಾಗ ನನಗೆ ನೆನಪಾಯಿತು.

“ಕ್ಯೂಆರ್ ಕೋಡು ಯಾರ ಹೆಸರಿಗೈತಿ?”

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಅದು... ಅವರ ಮೊಬೈಲಿಂದ್ರೀ.”

“ನಾಳೆ ನಿನ್ನ ಪಾಸಬುಕ್ ತಗೊಂಡು ಬಾ” ಎಂದೆ.